ಮನೆಜಗಳ, ಮುಚ್ಚಳಿಕೆ, ಜಾಮೀನು

ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರು ಹೋದರೆ ತಿಕೋಟಾ. ದ್ರಾಕ್ಷಿ ಪಡ, ಒಣದ್ರಾಕ್ಷಿ ವ್ಯಾಪಾರಕ್ಕೆ ಹೆಸರಾದ ಈ ಊರು 2018ರಲ್ಲಿ ತಾಲ್ಲೂಕು ಕೇಂದ್ರವಾಯಿತು. ತಾಲ್ಲೂಕು ಆದ ಮೇಲೆ ತಹಶೀಲ್ದಾರರು ಬಂದರು. ಅವರು ಹೊಲದ ಉತಾರ ನೋಡುವ ಕಂದಾಯ ಅಧಿಕಾರಿ ಮಾತ್ರವಲ್ಲ, ತಾಲ್ಲೂಕು ದಂಡಾಧಿಕಾರಿಯೂ ಹೌದು. ಗಂಡ ಹೆಂಡತಿಯನ್ನು ಹೊಡೆದ, ಪಾಲಿನ ಸಲುವಾಗಿ ಅಣ್ಣತಮ್ಮಂದಿರು ಬಡಿದಾಡಿದರು, ಅತ್ತೆ–ಸೊಸೆಯ ಜಗಳ ಓಣಿಗೆ ಬಂತು ಎಂಬ ಸುದ್ದಿ ಠಾಣೆ ಮುಟ್ಟಿದಾಗ ಪೊಲೀಸರು ಬಹಳ ಸಲ ಮೊದಲು ಬಳಸುವುದು ದೊಡ್ಡ ಅಪರಾಧದ ಕಲಮನ್ನಲ್ಲ, ಶಾಂತಿಭಂಗ ತಡೆಯುವ ಕಲಮನ್ನು. 1973ರ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಅದು 151 ಮತ್ತು 107 ಆಗಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 170 ಮತ್ತು 126. ಹಾಗೆ ಹಿಡಿದವರನ್ನು ಆ ಕಲಮಿನ ಬಲದ ಮೇಲೆ 24 ತಾಸಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಪ್ರಕರಣ ದಂಡಾಧಿಕಾರಿಯ ಮುಂದೆ ಹೋಗುತ್ತದೆ, ಶಾಂತಿಯಿಂದ ಇರುತ್ತೇನೆಂದು ಆತ ಮುಚ್ಚಳಿಕೆ ಬರೆದುಕೊಡುತ್ತಾನೆ. ಅಷ್ಟರೊಳಗೆ ಠಾಣೆಯ ಅಂಗಳದಲ್ಲಿಯೇ ಎರಡೂ ಕಡೆಯ ಹಿರಿಯರು ಕೂಡಿ ಇನ್ನೊಂದು ಕಾಗದ ಬರೆಸುವ ರೂಢಿಯೂ ಇದೆ: ಇನ್ನು ಮುಂದೆ ಕೈ ಎತ್ತುವುದಿಲ್ಲ, ಇನ್ನು ಮುಂದೆ ದೂರು ಕೊಡುವುದಿಲ್ಲ, ಸಂಸಾರ ಮಾಡಿಕೊಂಡು ಹೋಗುತ್ತೇವೆ. ಮೊದಲನೆಯದಕ್ಕೆ ಕಾನೂನಿದೆ. ಎರಡನೆಯದಕ್ಕೆ ಯಾವ ನ್ಯಾಯಾಧೀಶರ ರುಜುವೂ ಇಲ್ಲ. ಆದರೂ ಜನ ನಂಬುವುದು ಎರಡನೆಯದನ್ನೇ.

ಈ ನಂಬಿಕೆಗೆ ಇತಿಹಾಸವಿದೆ, ಅದನ್ನು ಹಗುರಾಗಿ ತಳ್ಳಿಹಾಕಲಾಗದು. ಆದರೆ ಅದೇ ಇತಿಹಾಸ ಇನ್ನೊಂದನ್ನೂ ತೋರಿಸುತ್ತದೆ. ಸುಮಾರು 160 ವರ್ಷಗಳಿಂದ ಈ ನೆಲದ ಕಾನೂನು ನಿಧಾನವಾಗಿ ಒಂದೇ ಕೆಲಸ ಮಾಡುತ್ತ ಬಂದಿದೆ: ಹಿಡಿಯುವವನ ಕೈಯಿಂದ ತೀರ್ಮಾನವನ್ನು ಬಿಡಿಸಿ, ಕೇಳಿ ತೀರ್ಪು ಕೊಡುವವನ ಕೈಗೆ ಕೊಡುವುದು. ಮನೆಜಗಳದಲ್ಲಿ ಬಂಧನಕ್ಕೊಳಗಾದವನಿಗೆ ಇಂದು ಇರುವ ಒಂದೊಂದು ದಾರಿಯೂ, ಅಂದರೆ 24 ತಾಸಿನ ಮಿತಿ, ಬಂಧನದ ಕಾರಣ ತಿಳಿಯುವ ಹಕ್ಕು, ವಕೀಲ, ನೋಟಿಸು, ಜಾಮೀನು, ಹೈಕೋರ್ಟಿನಲ್ಲಿ ಪ್ರಕರಣ ರದ್ದತಿ, ಆ ಕೆಲಸದ ಫಲ. ಪೆಟ್ಟು ತಿಂದ ಹೆಣ್ಣುಮಗಳಿಗೆ ಸಿಕ್ಕ ರಕ್ಷಣೆಯೂ ಅದರದೇ ಫಲ. ಆರೋಪಿಯ ಹಕ್ಕು ಬೇರೆ, ಹೆಂಡತಿಯ ರಕ್ಷಣೆ ಬೇರೆ, ಒಂದು ಹೆಚ್ಚಿದರೆ ಇನ್ನೊಂದು ಕಡಿಮೆಯಾಗುತ್ತದೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಎರಡೂ ಕಳೆದುಹೋಗುವುದು ಒಂದೇ ಜಾಗದಲ್ಲಿ: ದಾಖಲೆಯಿಲ್ಲದ ರಾಜಿಯಲ್ಲಿ.

ಆದಿಲಶಾಹಿ ಕಾಲದ ಬಿಜಾಪುರದಲ್ಲಿ ಪಟ್ಟಣಕ್ಕೆ ಕಾಜಿ ಇದ್ದ. ಹಳ್ಳಿ ಪರಗಣಗಳಲ್ಲಿ ದೇಸಾಯಿ, ದೇಶಪಾಂಡೆ, ಗೌಡ, ಕುಲಕರ್ಣಿ ಮುಂತಾದವರು ಸಭೆ ಕೂಡಿ ವ್ಯಾಜ್ಯ ಕೇಳಿ, ಸಾಕ್ಷಿ ಹಾಕಿಸಿ ಮಹಜರು ಬರೆಸುತ್ತಿದ್ದರು. ದಖನ್ನಿನಲ್ಲಿ ಉಳಿದುಬಂದ ಇಂಥ ಕಾಗದಗಳಲ್ಲಿ ಹೆಚ್ಚಿನವು ವತನ, ಹೊಲ, ಮಾನಮರ್ಯಾದೆಯ ಹಕ್ಕುಗಳವು. ಹೆಂಡತಿಗೆ ಬಿದ್ದ ಪೆಟ್ಟು ಅಲ್ಲಿ ಬರಹದ ಮಟ್ಟಕ್ಕೆ ಏರುವಂಥ ವ್ಯಾಜ್ಯವಾಗಿರಲಿಲ್ಲ. ಅದು ಜಾತಿಯ ಕಟ್ಟೆಯ ಮೇಲೆ, ಗಂಡಸರ ನಡುವೆ ಮುಗಿಯುತ್ತಿತ್ತು. 1686ರಲ್ಲಿ ಔರಂಗಜೇಬ ಬಿಜಾಪುರ ಗೆದ್ದ. ಆಮೇಲೆ ನಿಜಾಮ, ಮರಾಠರು ಬಂದರು. 1818ರಲ್ಲಿ ಪೇಶ್ವೆ ಸೋತ ಮೇಲೆ ಬ್ರಿಟಿಷರು ಬಿಜಾಪುರವನ್ನು ಸಾತಾರಾ ರಾಜನಿಗೆ ಬಿಟ್ಟುಕೊಟ್ಟು, 1848ರಲ್ಲಿ ಆ ಸಂಸ್ಥಾನವನ್ನೇ ನುಂಗಿದರು. ಇಷ್ಟೆಲ್ಲ ದೊರೆಗಳು ಬದಲಾದರೂ ಊರ ಹಿರಿಯರು ಕೂಡಿ ನ್ಯಾಯ ಹೇಳುವ ಚಾವಡಿ ಬದಲಾಗಲಿಲ್ಲ.

ಬ್ರಿಟಿಷರು ಚಾವಡಿಯನ್ನು ಕೆಡವಲಿಲ್ಲ, ಕಾಯ್ದೆಯೊಳಗೆ ಕೂಡಿಸಿಕೊಂಡರು. 1862ರಿಂದ ಭಾರತೀಯ ದಂಡಸಂಹಿತೆಯೂ ಮೊದಲ ದಂಡಪ್ರಕ್ರಿಯಾ ಸಂಹಿತೆಯೂ ಜಾರಿಗೆ ಬಂದವು. ಅದರ ಬೆನ್ನಿಗೇ 1867ರ ಮುಂಬಯಿ ಗ್ರಾಮ ಪೊಲೀಸ್ ಕಾಯ್ದೆ ಊರಗೌಡನನ್ನು ಪೊಲೀಸ್ ಪಾಟೀಲ ಮಾಡಿ, ಸಣ್ಣ ಹೊಡೆದಾಟ, ಬೈದಾಟಗಳಿಗೆ ಜನರನ್ನು ಅಲ್ಪಕಾಲ ಚಾವಡಿಯಲ್ಲಿ ಕೂಡಿಹಾಕುವ ಅಧಿಕಾರ ಕೊಟ್ಟಿತು. ಪಾಟೀಲನೇ ಹಿಡಿಯುವವ, ಅವನೇ ವಿಚಾರಿಸುವವ, ಅವನೇ ಬಿಡುವವ. ಅವನ ಮೇಲೆ ಮಾಮಲೇದಾರ. ಕಂದಾಯ ವಸೂಲಿಯ ಜೊತೆಗೆ ಮ್ಯಾಜಿಸ್ಟ್ರೇಟನ ಕೆಲಸವೂ ಅವನದೇ. ಅವನ ಮೇಲೆ ಕಲೆಕ್ಟರ್. ಜಿಲ್ಲಾ ಮ್ಯಾಜಿಸ್ಟ್ರೇಟನೂ ಅವನೇ, ಪೊಲೀಸರ ಮೇಲಿನ ಹಿಡಿತವೂ ಅವನದೇ. ಕಲಾದಗಿಯಲ್ಲಿದ್ದ ಜಿಲ್ಲಾ ಕೇಂದ್ರ 1885ರಲ್ಲಿ ಬಿಜಾಪುರಕ್ಕೆ ಬಂದಾಗ ಸುಲ್ತಾನರ ಕಟ್ಟಡಗಳು ಸರಕಾರಿ ಕಚೇರಿಗಳಾದವು, ಆದಿಲಶಾಹಿ ಕಾಲದ ಒಂದು ಸರಾಯಿ, ಅಂದರೆ ಪ್ರಯಾಣಿಕರ ಛತ್ರ, ಸೆರೆಮನೆಯಾಯಿತು. ಕರ ಕೊಡಲು ಹೋಗುವ ಕಚೇರಿ, ದೂರು ಕೊಡಲು ಹೋಗುವ ಕಚೇರಿ, ಶಿಕ್ಷೆ ಕೇಳಲು ಹೋಗುವ ಕಚೇರಿ ಎಲ್ಲ ಒಂದೇ ಆಗಿದ್ದ ಕಾಲದಲ್ಲಿ ಒಕ್ಕಲಿಗನೊಬ್ಬ ರಾಜಿಗೆ ಒಪ್ಪಿದ್ದು ಅವಿವೇಕದಿಂದಲ್ಲ. ಅವನಿಗೆ ಬೇರೆ ಬಾಗಿಲೇ ಇರಲಿಲ್ಲ.

ಆ ಕಾಲದ ಕಾನೂನು ಹೆಣ್ಣನ್ನು ಯಾವ ಕಣ್ಣಿನಿಂದ ನೋಡಿತು ಎಂಬುದಕ್ಕೆ ಮುಂಬಯಿ ಹೈಕೋರ್ಟಿನ ರಖಮಾಬಾಯಿ ಪ್ರಕರಣಕ್ಕಿಂತ ಗಟ್ಟಿ ಸಾಕ್ಷಿ ಬೇಡ. ಬಿಜಾಪುರ ಜಿಲ್ಲೆಯೂ ಆಗ ಅದೇ ಹೈಕೋರ್ಟಿನ ವ್ಯಾಪ್ತಿಯಲ್ಲಿತ್ತು. ಬಾಲ್ಯದಲ್ಲಿ ಮದುವೆಯಾದ ಗಂಡನ ಮನೆಗೆ ಹೋಗಲಾರೆನೆಂದ ರಖಮಾಬಾಯಿಯ ಪರ 1885ರಲ್ಲಿ ನ್ಯಾಯಮೂರ್ತಿ ಪಿನ್ಹೆ ತೀರ್ಪಿತ್ತರು. ಮೇಲ್ಮನವಿಯಲ್ಲಿ ಅದು ನಿಲ್ಲಲಿಲ್ಲ. 1887ರ ಮಾರ್ಚಿನಲ್ಲಿ ಬಂದ ಆದೇಶ ಅವಳ ಮುಂದೆ ಎರಡೇ ದಾರಿ ಇಟ್ಟಿತು: ಗಂಡನ ಮನೆ, ಇಲ್ಲವೇ ಆರು ತಿಂಗಳ ಜೈಲು. ಅವಳು ಜೈಲೇ ಆಗಲಿ ಎಂದಳು. ಕೊನೆಗೆ 1888ರಲ್ಲಿ ಗಂಡ 2,000 ರೂಪಾಯಿ ತೆಗೆದುಕೊಂಡು ರಾಜಿಯಾದ. ಅವಳು ಮುಂದೆ ವೈದ್ಯೆಯಾದಳು. ಸಂಸಾರಕ್ಕೆ ಬರಲೊಪ್ಪದವಳನ್ನು ಜೈಲಿಗೆ ಹಾಕುವ ಆ ಅವಕಾಶವನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯಿಂದ ಪೂರ್ತಿ ತೆಗೆದುಹಾಕಿದ್ದು 1923ರಲ್ಲಿ. ಮನೆಜಗಳದಲ್ಲಿ ಜೈಲು ಎಂದರೆ ಗಂಡಸರ ಮೇಲಿನ ದಬ್ಬಾಳಿಕೆ ಎನ್ನುವವರು ಮರೆಯಬಾರದ ಮಾತಿದು: ಆ ಜೈಲಿನ ಬೆದರಿಕೆ ಒಂದು ಕಾಲಕ್ಕೆ ಹೆಂಡತಿಯ ತಲೆಯ ಮೇಲೆ ತೂಗುತ್ತಿತ್ತು.

ಗಂಡನ ಮೇಲೆ ಕಾನೂನು ತಿರುಗಿದ್ದು ಹಣದ ಮೂಲಕ. ಬಿಟ್ಟ ಹೆಂಡತಿಗೆ ಜೀವನಾಂಶ ಕೊಡಿಸುವ ಕಲಮು ಮೊದಲ ದಂಡಪ್ರಕ್ರಿಯಾ ಸಂಹಿತೆಯಿಂದಲೇ ಇತ್ತು. 1898ರ ಸಂಹಿತೆಯಲ್ಲಿ ಅದು 488ನೆಯದು. ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ಇದ್ದ ಮಿತಿ 1923ರಲ್ಲಿ 100, 1955ರಲ್ಲಿ 500 ಆಯಿತು. 2001ರಲ್ಲಿ ಮಿತಿಯೇ ಹೋಯಿತು. ಕೊಡದಿದ್ದರೆ ಜೈಲು. ಹೊಡೆತಕ್ಕಲ್ಲ, ಹಣ ಕೊಡದ್ದಕ್ಕೆ. ಇದಕ್ಕಿಂತ ದೊಡ್ಡ ಹೆಜ್ಜೆಯನ್ನು ಬಿಜಾಪುರ ಸೀಮೆ ಹಳೆ ಮೈಸೂರಿನೊಂದಿಗಲ್ಲ, ಮುಂಬಯಿ ಪ್ರಾಂತದೊಂದಿಗೆ ಇಟ್ಟಿತು. ಹಿಂದೂ ಗಂಡಸಿನ ಎರಡನೆಯ ಮದುವೆಯನ್ನು ಅಪರಾಧ ಮಾಡಿದ ಮುಂಬಯಿ ಕಾಯ್ದೆ ಬಂದದ್ದು 1946ರಲ್ಲಿ, ಹಿಂದೂ ವಿವಾಹ ಕಾಯ್ದೆಗೆ ಒಂಬತ್ತು ವರ್ಷ ಮೊದಲು. ಮರುವರ್ಷ ಹಿಂದೂ ವಿಚ್ಛೇದನ ಕಾಯ್ದೆಯೂ ಬಂತು. ಎರಡನೆಯ ಮದುವೆ ತಡೆಯುವ ಕಾಯ್ದೆ ಸಂವಿಧಾನಬದ್ಧವೇ ಎಂಬ ಪ್ರಶ್ನೆಯನ್ನು ನ್ಯಾಯಮೂರ್ತಿಗಳಾದ ಛಾಗಲಾ ಮತ್ತು ಗಜೇಂದ್ರಗಡಕರ್ 1951ರಲ್ಲಿ ನರಸು ಅಪ್ಪಾ ಮಾಲಿ ಪ್ರಕರಣದಲ್ಲಿ ಕಾಯ್ದೆಯನ್ನು ಎತ್ತಿಹಿಡಿದು ಮುಗಿಸಿದರು. ಮನೆಯೊಳಗಿನ ನಡತೆಗೆ ಗಂಡ ಮ್ಯಾಜಿಸ್ಟ್ರೇಟನ ಮುಂದೆ ಆರೋಪಿಯಾಗಿ ನಿಲ್ಲಬೇಕಾಗಬಹುದು ಎಂಬುದನ್ನು ಕೃಷ್ಣೆಯ ಆಚೀಚೆಯ ಹಳ್ಳಿಗಳು ಆಗಲೇ ಕೇಳಿದ್ದವು.

ಆ ಮ್ಯಾಜಿಸ್ಟ್ರೇಟ್ ಯಾರು ಎಂಬುದೂ ಅದೇ ಹೊತ್ತಿಗೆ ಬದಲಾಯಿತು. 1951ರ ಮುಂಬಯಿ ಕಾಯ್ದೆಯೊಂದು ನ್ಯಾಯದಾನವನ್ನು ಆಡಳಿತದಿಂದ ಬೇರ್ಪಡಿಸಿತು. ಶಿಕ್ಷೆ ಕೊಡುವ ಕೆಲಸ ಮಾಮಲೇದಾರನಿಂದ ಹೈಕೋರ್ಟಿನ ಅಧೀನದ ನ್ಯಾಯಾಧೀಶರಿಗೆ ಹೋಯಿತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರಲ್ಲಿ ಜಾರಿಯಾಗಿ ವಂಶಪಾರಂಪರ್ಯದ ಗೌಡಕಿ, ಕುಲಕರ್ಣಿಕೆ ಕೊನೆಗೊಂಡವು. ಕಾಗದದ ಮೇಲೆ ಚಾವಡಿ ಸತ್ತುಹೋಯಿತು. ಆದರೆ ಶಾಂತಿಪಾಲನೆಯ ಕಲಮುಗಳು ಮಾತ್ರ ಕಂದಾಯ ಅಧಿಕಾರಿಯ ಬಳಿಯೇ ಉಳಿದವು. ತಿಕೋಟಾದ ತಹಶೀಲ್ದಾರರ ಮೇಜಿನ ಮೇಲೆ ಇಂದೂ ಮುಚ್ಚಳಿಕೆಯ ಕಡತ ಬರುವುದು ಆ ಕಾರಣಕ್ಕೆ.

1973ರ ಸಂಹಿತೆ ಹೊಸದೊಂದನ್ನು ತಂದಿತು: ನಿರೀಕ್ಷಣಾ ಜಾಮೀನು. 1898ರ ಸಂಹಿತೆಯಲ್ಲಿ ಬಂಧನಕ್ಕೆ ಮೊದಲೇ ಜಾಮೀನು ಕೇಳುವ ಕಲಮಿರಲಿಲ್ಲ. ಹಗೆ ಸಾಧಿಸಲು ಸುಳ್ಳು ಕೇಸು ಹಾಕಿ ಒಳಗೆ ಕಳಿಸುತ್ತಾರೆ ಎಂಬ ಕಾರಣ ಹೇಳಿ ಕಾನೂನು ಆಯೋಗ 1969ರ ತನ್ನ 41ನೆಯ ವರದಿಯಲ್ಲಿ ಅದನ್ನು ಶಿಫಾರಸು ಮಾಡಿತ್ತು. 1980ರಲ್ಲಿ ಗುರುಬಕ್ಷ್ ಸಿಂಗ್ ಸಿಬ್ಬಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ವಿಶಾಲವಾದ ಅರ್ಥ ಕೊಟ್ಟಿತು. ಮೂರೇ ವರ್ಷಕ್ಕೆ, 1983ರಲ್ಲಿ, ಸಂಸತ್ತು ದಂಡಸಂಹಿತೆಗೆ 498ಎ ಕಲಮನ್ನು ಸೇರಿಸಿತು: ಗಂಡ ಅಥವಾ ಅವನ ಸಂಬಂಧಿಕರ ಕ್ರೌರ್ಯಕ್ಕೆ ಮೂರು ವರ್ಷದವರೆಗೆ ಶಿಕ್ಷೆ. ಅದರ ಪಕ್ಕದ ಹಳೆಯ 498ನೆಯ ಕಲಮು ಪರರ ಹೆಂಡತಿಯನ್ನು ಪುಸಲಾಯಿಸಿ ಒಯ್ಯುವವನಿಗೆ ಶಿಕ್ಷೆ ವಿಧಿಸುತ್ತಿತ್ತು. ಅಲ್ಲಿ ಹೆಂಡತಿ ಗಂಡನ ಸೊತ್ತು. ಒಂದೇ ಅಂಕಿಯ ನೆರಳಿನಲ್ಲಿ 123 ವರ್ಷದ ಅಂತರದ ಎರಡು ಕಲಮುಗಳು ನಿಂತವು, ಎರಡನೆಯದರಲ್ಲಿ ಹೆಂಡತಿ ದೂರು ಕೊಡುವ ಮನುಷ್ಯಳಾದಳು. ಇಂದು ಅದು ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೆಯ ಕಲಮು.

ಇಲ್ಲಿಯೇ ಮೊದಲ ಆಕ್ಷೇಪ ಏಳುತ್ತದೆ. ಜನರ ಬಾಯಲ್ಲಿ ವರದಕ್ಷಿಣೆ ಕೇಸಾದ ಈ ಕಲಮು ಎಂದರೆ ಜಾಮೀನಿಲ್ಲದ ಕೇಸು, ಮುದಿ ಅತ್ತೆಯನ್ನೂ ಊರಲ್ಲಿಲ್ಲದ ನಾದಿನಿಯನ್ನೂ ಎಳೆಯುವ ಕೇಸು ಎಂಬುದು ಆ ಆಕ್ಷೇಪ. ಇದರಲ್ಲಿ ಹುರುಳಿಲ್ಲ ಎನ್ನಲಾರೆ. 2014ರ ಜುಲೈ 2ರಂದು ಅರ್ನೇಶ್ ಕುಮಾರ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಸರಕಾರಿ ಅಂಕಿಗಳನ್ನೇ ಎದುರಿಗಿಟ್ಟಿತು: 2012ರ ಒಂದೇ ವರ್ಷದಲ್ಲಿ ಈ ಕಲಮಿನಡಿ 1,97,762 ಜನರ ಬಂಧನ, ಅವರಲ್ಲಿ 47,951 ಹೆಂಗಸರು, ದೋಷಾರೋಪ ಪಟ್ಟಿ ಶೇ. 93.6ರಷ್ಟು, ಶಿಕ್ಷೆ ಶೇ. 15ರಷ್ಟು. ಆದರೆ ಈ ಅಂಕಿ ಏನು ಹೇಳುತ್ತದೆ? ಉಳಿದ ಶೇ. 85 ಸುಳ್ಳು ಕೇಸು ಎಂದಲ್ಲ. ಕಟ್ಟೆಯ ಮೇಲೆ ರಾಜಿಯಾಗಿ ಹೆಂಡತಿ ಸಾಕ್ಷಿಕಟ್ಟೆಯಲ್ಲಿ ಮಾತು ತಿರುಗಿಸಿದ ಪ್ರಕರಣವೂ ಆ ಲೆಕ್ಕದಲ್ಲಿ ಬಿಡುಗಡೆಯೇ. ಅದು ಖಂಡಿತವಾಗಿ ಹೇಳುವುದು ಒಂದನ್ನು: ವಿಚಾರಣೆ ನಡೆಸುವ ಶ್ರಮ ಬಿಟ್ಟು ಬಂಧನವನ್ನೇ ಶಿಕ್ಷೆಯಾಗಿ ಬಳಸಲಾಯಿತು. ಚಾವಡಿಯಲ್ಲಿ ಕೂಡಿಹಾಕಿ ಬುದ್ಧಿ ಕಲಿಸುವ ಪಾಟೀಲನ ಪದ್ಧತಿಯೇ ಖಾಕಿ ತೊಟ್ಟು ಮುಂದುವರಿಯಿತು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಏಕೆ ಅಗತ್ಯವೆಂದು ಪೊಲೀಸರು ಬರೆದಿಡಬೇಕು, ಅಗತ್ಯವಿಲ್ಲದಿದ್ದರೆ ಹಾಜರಾಗಲು ನೋಟಿಸು ಕೊಡಬೇಕು ಎಂಬ ನಿಯಮ 2010ರ ನವೆಂಬರಿನಿಂದಲೇ ಇತ್ತು. ಅರ್ನೇಶ್ ಕುಮಾರ್ ತೀರ್ಪು ಅದಕ್ಕೆ ಹಲ್ಲು ಕೊಟ್ಟಿತು. ಕಣ್ಣುಮುಚ್ಚಿ ರಿಮಾಂಡ್ ಮಾಡುವ ಮ್ಯಾಜಿಸ್ಟ್ರೇಟರೂ ಹೊಣೆಗಾರರೆಂದಿತು. ಹೊಸ ಸಂಹಿತೆಯಲ್ಲಿ ಆ ನೋಟಿಸು 35(3)ನೆಯ ಕಲಮು. ಈ ನಿಯಮ ಮುರಿದು ಹಿಡಿದರೆ ಅದೇ ಜಾಮೀನಿಗೆ ಆಧಾರವೆಂದು 2022ರ ಸತೇಂದರ್ ಕುಮಾರ್ ಅಂತಿಲ್ ತೀರ್ಪು ಹೇಳಿದೆ.

ಜಾಮೀನಿಲ್ಲದ ಕೇಸು ಎಂಬ ತಿಳಿವಳಿಕೆಯೇ ತಪ್ಪು. ಠಾಣೆಯಲ್ಲಿ ಹಕ್ಕಿನಿಂದ ಸಿಗದು, ನ್ಯಾಯಾಲಯ ವಿಚಾರಿಸಿ ಕೊಡುತ್ತದೆ ಎಂದಷ್ಟೇ ಅದರ ಅರ್ಥ. ಪ್ರಯಾಣದ ಹೊತ್ತು ಬಿಟ್ಟು 24 ತಾಸಿನೊಳಗೆ ಬಂಧಿತನನ್ನು ಮ್ಯಾಜಿಸ್ಟ್ರೇಟರ ಮುಂದೆ ತರಲೇಬೇಕು. ಅಲ್ಲಿಯೇ ಜಾಮೀನು ಅರ್ಜಿ ಹಾಕಬಹುದು, ಸಿಗದಿದ್ದರೆ ಸೆಷನ್ಸ್ ಕೋರ್ಟು, ಅಲ್ಲಿಯೂ ಇಲ್ಲದಿದ್ದರೆ ಹೈಕೋರ್ಟು. ಹೆಂಗಸರು, ರೋಗಿಗಳು, ಅಶಕ್ತರ ವಿಷಯದಲ್ಲಿ ಕಾನೂನು ಇನ್ನೂ ಉದಾರ. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ, ತೀರ ವಿಶೇಷ ಸಂದರ್ಭದಲ್ಲಿ ಮ್ಯಾಜಿಸ್ಟ್ರೇಟರ ಅನುಮತಿ ಪಡೆದ ಮಹಿಳಾ ಅಧಿಕಾರಿಯ ಹೊರತು, ಯಾವ ಹೆಣ್ಣುಮಗಳನ್ನೂ ಬಂಧಿಸುವಂತಿಲ್ಲ. ಬಂಧನದ ಮೆಮೊಗೆ ಸಾಕ್ಷಿಯ ರುಜು, ಮನೆಯವರಿಗೆ ಸುದ್ದಿ ಮುಟ್ಟಿಸುವುದು ಇವೆಲ್ಲ 1996ರ ಡಿ.ಕೆ. ಬಸು ತೀರ್ಪಿನಿಂದ ಬಂದವು. ಬಂಧನದ ಕಾರಣಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದುಕೊಡಬೇಕೆಂದು ಸುಪ್ರೀಂ ಕೋರ್ಟು 2025ರ ನವೆಂಬರಿನಲ್ಲಿ ಹೇಳಿದೆ. ತಿಕೋಟಾದ ಒಕ್ಕಲಿಗನಿಗೆ ಅದು ಕನ್ನಡದಲ್ಲಿ ಸಿಗಬೇಕು.

ಬಡವನಿಗೆ ನಿಜವಾದ ತೊಡಕು ಬೇರೆಯದು: ಜಾಮೀನು ಸಿಕ್ಕರೂ ಜಾಮೀನುದಾರ ಸಿಗುವುದಿಲ್ಲ. ಹೊಲದ ಉತಾರ ತಂದು ನಿಲ್ಲುವವನು ಬೇಕು. ಪರರ ದ್ರಾಕ್ಷಿ ಪಡದಲ್ಲಿ ದುಡಿಯುವ ಕೂಲಿಯವನು ಉತಾರ ಕೇಳಲು ಹೋಗುವುದು ಅದೇ ಗೌಡರ ಮನೆಗೆ. ಅಲ್ಲಿ ಉತಾರದ ಜೊತೆ ರಾಜಿಯ ಷರತ್ತೂ ಬರುತ್ತದೆ. ಚಾವಡಿ ಹಿಂಬಾಗಿಲಿನಿಂದ ಒಳಗೆ ಬರುವುದು ಹೀಗೆ. 1978ರ ಮೋತಿ ರಾಮ್ ಪ್ರಕರಣದಲ್ಲಿ ಗೌಂಡಿಯೊಬ್ಬನಿಗೆ 10,000 ರೂಪಾಯಿಯ ಜಾಮೀನು, ಅದೂ ಅದೇ ಜಿಲ್ಲೆಯ ಜಾಮೀನುದಾರನೇ ಬೇಕೆಂದು ಕೇಳಿದ್ದನ್ನು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಕಟುವಾಗಿ ಖಂಡಿಸಿದರು. ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬಹುದೆಂಬ ಆ ಮಾತನ್ನು ನಮ್ಮ ವಕೀಲರು ಇನ್ನೂ ಹೆಚ್ಚು ಬಳಸಬೇಕು.

ಎರಡನೆಯ ಆಕ್ಷೇಪ ಎದುರು ದಿಕ್ಕಿನದು, ಮತ್ತು ನನ್ನ ಮಟ್ಟಿಗೆ ಹೆಚ್ಚು ಭಾರದ್ದು. ನೋಟಿಸು ಕೊಟ್ಟು ಕಳಿಸಿದರೆ, ಮರುದಿನವೇ ಜಾಮೀನು ಸಿಕ್ಕರೆ, ಅವನು ಹೋಗುವುದು ಅದೇ ಮನೆಗಲ್ಲವೇ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ. 44.4ರಷ್ಟು ಜನ ಗಂಡನ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಹಿಂದಿನ ಸುತ್ತಿನಲ್ಲಿ ಅದು ಶೇ. 20.6 ಇತ್ತು. ಇದನ್ನು ಓದಿಯೂ ಬಂಧನ ಕಡಿಮೆಯಾಗಲಿ ಎನ್ನುವುದು ಹೇಗೆ? ಉತ್ತರ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿದೆ. ಗಂಡನನ್ನು ಒಳಗೆ ಹಾಕುವ ಬದಲು ಮನೆಯಲ್ಲಿ ಇರುವ ಹಕ್ಕನ್ನು ಹೆಂಡತಿಗೆ ಕೊಡುವ, ಅವನು ಹತ್ತಿರ ಸುಳಿಯದಂತೆ ರಕ್ಷಣಾ ಆದೇಶ ಹೊರಡಿಸುವ ಕಾಯ್ದೆ ಅದು. ಆ ಆದೇಶ ಮುರಿದರೆ ಮಾತ್ರ ಬಂಧನ, ಒಂದು ವರ್ಷದವರೆಗೆ ಶಿಕ್ಷೆ. ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು. ಜಾಮೀನು ಕೊಡುವಾಗಲೂ ನ್ಯಾಯಾಧೀಶರು ದೂರುದಾರಳ ಹತ್ತಿರ ಹೋಗಕೂಡದು, ಬೆದರಿಸಕೂಡದು ಎಂದು ಷರತ್ತು ಹಾಕಬಹುದು; ಮುರಿದರೆ ಜಾಮೀನು ರದ್ದಾಗಬಹುದು. ಇವುಗಳಿಗೆ ಬಲವಿರುವುದು ಬರಹದಲ್ಲಿರುವುದರಿಂದ, ನ್ಯಾಯಾಧೀಶರ ರುಜುವಿರುವುದರಿಂದ. ಠಾಣೆಯ ಅಂಗಳದಲ್ಲಿ ಬರೆಸಿಕೊಂಡ ಕಾಗದ ಮುರಿದರೆ ಯಾರೂ ಬರುವುದಿಲ್ಲ.

ಹಾಗಾದರೆ ರಾಜಿಯೇ ಬೇಡವೇ? ಕೋರ್ಟು ವರ್ಷಗಟ್ಟಲೆ ಎಳೆಯುತ್ತದೆ, ಹಿರಿಯರು ಒಂದು ಸಂಜೆಯಲ್ಲಿ ಮುಗಿಸುತ್ತಾರೆ ಎನ್ನುವವರ ಮಾತಿನಲ್ಲಿ ಅನುಭವವಿದೆ. ಗಂಡ ಹೆಂಡಿರ ಜಗಳ ಉಂಡು ಮಲಗೋತನಕ ಎಂಬ ಗಾದೆ ಸಣ್ಣ ಮುನಿಸಿಗೆ ನಿಜವೂ ಹೌದು. ಕಾನೂನು ಕೂಡ ರಾಜಿಯ ವಿರುದ್ಧವಿಲ್ಲ. ಕ್ರೌರ್ಯದ ಈ ಕಲಮು ಕರ್ನಾಟಕದಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ರಾಜಿಯಾಗುವಂಥದಲ್ಲ. ಆದರೆ ಎರಡೂ ಕಡೆಯವರು ಮನಸಾರೆ ಒಪ್ಪಿದ್ದರೆ ಹೈಕೋರ್ಟು ಪ್ರಕರಣ ರದ್ದು ಮಾಡಬಹುದೆಂದು 2003ರ ಬಿ.ಎಸ್. ಜೋಶಿ, 2012ರ ಜ್ಞಾನ್ ಸಿಂಗ್ ತೀರ್ಪುಗಳು ದಾರಿ ತೆರೆದಿವೆ. ಈ ಸೀಮೆಯವರು ಅದಕ್ಕಾಗಿ 500 ಕಿಲೋಮೀಟರಿಗೂ ದೂರದ ಬೆಂಗಳೂರಿಗೆ ಹೋಗಬೇಕಿತ್ತು. 2008ರ ಜುಲೈಯಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆದ ಕಲಬುರಗಿ ಪೀಠ ಆ ದೂರವನ್ನು ಮೂರನೆಯ ಒಂದು ಪಾಲಿಗೆ ಇಳಿಸಿತು. ಅಲ್ಲಿ ನ್ಯಾಯಮೂರ್ತಿಗಳು ಹೆಂಡತಿಯನ್ನೇ ಕೇಳಬಲ್ಲರು, ಒತ್ತಾಯವಿದೆಯೇ ಎಂದು ನೋಡಬಲ್ಲರು, ಕೊಡಬೇಕಾದ ಹಣ ಕೈಸೇರಿತೇ ಎಂದು ತಿಳಿಯಬಲ್ಲರು.

ರಾಜಿಯನ್ನು ಮೊದಲೇ ಹೇರುವ ಪ್ರಯತ್ನಗಳ ಬಗ್ಗೆ ಮಾತ್ರ ನನಗೆ ಗಟ್ಟಿಯಾದ ಆತಂಕವಿದೆ. 2017ರ ರಾಜೇಶ್ ಶರ್ಮಾ ತೀರ್ಪು ಜಿಲ್ಲೆಗೊಂದು ಕುಟುಂಬ ಕಲ್ಯಾಣ ಸಮಿತಿ ಮಾಡಿ, ಅದರ ವರದಿ ಬರುವವರೆಗೆ ಸಾಮಾನ್ಯವಾಗಿ ಬಂಧನ ಬೇಡ ಎಂದಿತು. 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟೇ ಆ ಸಮಿತಿಗಳನ್ನು ಕಾನೂನಿಗೆ ಹೊರಗಿನವು ಎಂದು ತೆಗೆದುಹಾಕಿತು. 2025ರ ಜುಲೈಯಲ್ಲಿ, ಅಲಹಾಬಾದ್ ಹೈಕೋರ್ಟು 2022ರಲ್ಲಿ ರೂಪಿಸಿದ್ದ ಎರಡು ತಿಂಗಳ ತಡೆ ಮತ್ತು ಸಮಿತಿಯ ಮಾರ್ಗಸೂಚಿಗಳನ್ನು ಅದೇ ಸುಪ್ರೀಂ ಕೋರ್ಟು ಅನುಮೋದಿಸಿತು. ಬಂಧನವನ್ನು ತಡೆಯಲು ನೋಟಿಸಿನ ನಿಯಮವೇ ಸಾಕಿತ್ತು. ತೀರ್ಪು ಕೊಡುವ ಅಧಿಕಾರವಿಲ್ಲದ, ಆದರೆ ದೂರನ್ನು ತಡೆದು ನಿಲ್ಲಿಸಬಲ್ಲ ಪಂಚರನ್ನು ಕಾನೂನು ಮತ್ತೆ ಕಟ್ಟೆಯ ಮೇಲೆ ಕೂರಿಸುವುದು ಹಿಂದಕ್ಕಿಟ್ಟ ಹೆಜ್ಜೆ. ಆ ಎರಡು ತಿಂಗಳು ಹೆಂಡತಿ ಎಲ್ಲಿರಬೇಕು ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ.

ಇಷ್ಟು ದಾರಿಗಳಿದ್ದರೂ ವಕೀಲರ ಫೀಜಿಗೆ ಹೆದರಿ ಜನ ಅಂಗಳದ ಕಾಗದಕ್ಕೇ ರುಜು ಹಾಕುತ್ತಾರೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೆಯ ಕಲಮಿನ ಪ್ರಕಾರ ಬಂಧನದಲ್ಲಿರುವ ಯಾವುದೇ ವ್ಯಕ್ತಿಗೆ, ಯಾವುದೇ ಮಹಿಳೆಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಲೆಕ್ಕವಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಅಂದರೆ ಹೊಡೆದನೆಂದು ಹಿಡಿದು ತಂದ ಗಂಡನಿಗೂ, ಹೊಡೆಸಿಕೊಂಡ ಹೆಂಡತಿಗೂ, ಕೇಸಿನಲ್ಲಿ ಹೆಸರು ಸೇರಿದ ಅತ್ತೆಗೂ ಬೇರೆ ಬೇರೆ ವಕೀಲರು, ಮೂವರಿಗೂ ಖರ್ಚಿಲ್ಲದೆ. ವಿಜಯಪುರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ; ಕಾನೂನು ನೆರವಿಗೆ ದೇಶಕ್ಕೆಲ್ಲ ಒಂದೇ ದೂರವಾಣಿ ಸಂಖ್ಯೆ 15100, ಮಹಿಳೆಯರ ಸಹಾಯವಾಣಿ 181. ಮನೆಯವರೊಬ್ಬರು ಠಾಣೆಯಲ್ಲಿ ಕುಳಿತಿದ್ದಾರೆ ಎಂದು ಸುದ್ದಿ ಬಂದ ದಿನ ಹಿರಿಯರನ್ನು ಕರೆದೊಯ್ಯುವ ಮುನ್ನ 15100ಕ್ಕೆ ಫೋನು ಮಾಡಿ, ಬಂಧನದ ಕಾರಣ ಬರೆದ ಕಾಗದ ಕೇಳಿ, ವಕೀಲರು ಓದಿ ಹೇಳುವವರೆಗೆ ಯಾವ ಮುಚ್ಚಳಿಕೆಗೂ ರುಜು ಹಾಕಬೇಡಿ.